ಗುಂಡಿ ಒತ್ತಲು ಗಂಡಸೇ ಬೇಕು

ಯಾವ ಪಟ್ಟಣದ ಉದ್ಯೋಗಗಳ ಪಟ್ಟಿಯನ್ನು ತೆರೆದು ನೋಡಿದರೂ ಪ್ರಕೃತಿಯ ವಿಷಯದಲ್ಲಿ ಭಕ್ತಿ ಹುಟ್ಟದೆ ಇರದು. ಚಾಲಕರು, ಬಡಗಿಗಳು, ಗುತ್ತಿಗೆದಾರರು ಇರುವ ಕಡೆ ಗಂಡಸರು. ದಾದಿಯರು, ಶಿಶುವಿಹಾರದ ಶಿಕ್ಷಕಿಯರು, ಮನೆಗೆಲಸದವರು ಇರುವ ಕಡೆ ಹೆಂಗಸರು. ಯಾರೂ ಆಜ್ಞೆ ಹೊರಡಿಸಿಲ್ಲವಾದರೂ ಇಡೀ ಊರು ತನ್ನ ತನ್ನ ಸ್ವಭಾವವನ್ನು ಅರಿತು, ಸಂಬಳದ ಏರಿಳಿತಕ್ಕೆ ಸರಿಯಾಗಿ ಸಾಲುಗಟ್ಟಿ ನಿಂತುಬಿಟ್ಟಿರುತ್ತದೆ.

ಈ ವಿಂಗಡಣೆಗೆ ದೇಹಬಲವೇ ಆಧಾರವೆಂದು ಬಲ್ಲವರು ಹೇಳುತ್ತಾರೆ. ಹಾಸಿಗೆ ಹಿಡಿದ ರೋಗಿಯನ್ನು ದಿನಕ್ಕೆ ಹಲವು ಸಲ ಎತ್ತಿ ಮಗ್ಗುಲು ಬದಲಿಸುವುದು ಮಮತೆಯ ಕೆಲಸವಾದ್ದರಿಂದ ಅದಕ್ಕೆ ಬಲ ಬೇಕಿಲ್ಲ. ಕ್ರೇನಿನ ಕೋಣೆಯಲ್ಲಿ ಕುಳಿತು ಗುಂಡಿ ಒತ್ತುವುದಕ್ಕೆ ಮಾತ್ರ ಗಂಡಸಿನ ತೋಳೇ ಆಗಬೇಕು. ಇನ್ನು ಸೂಕ್ಷ್ಮವಾದ ಕೆಲಸಗಳಿಗೆ ಹೆಣ್ಣಿನ ಚುರುಕು ಬೆರಳುಗಳೇ ತಕ್ಕವು ಎಂಬುದು ಕಾರ್ಖಾನೆಯ ಜೋಡಣಾ ವಿಭಾಗದಲ್ಲಿ ಬಹುಕಾಲದಿಂದ ಸಾಬೀತಾಗಿರುವ ಸತ್ಯ. ಅದೇ ಬೆರಳುಗಳು ಶಸ್ತ್ರಚಿಕಿತ್ಸೆಯ ಕೊಠಡಿಯ ಬಾಗಿಲಿಗೆ ಬಂದೊಡನೆ ಹೇಗೆ ಮರಗಟ್ಟುತ್ತವೆಯೋ ವೈದ್ಯಶಾಸ್ತ್ರ ಇನ್ನೂ ವಿವರಿಸಬೇಕಾಗಿದೆ.

ಪ್ರಕೃತಿ ಆಗಾಗ ಮನಸ್ಸು ಬದಲಾಯಿಸುವುದೂ ಉಂಟು. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಗುಮಾಸ್ತಗಿರಿ ಗಂಡಸರ ಗೌರವದ ಹುದ್ದೆಯಾಗಿತ್ತು. ಬೆರಳಚ್ಚು ಯಂತ್ರ ಬಂದು ಆ ಕೆಲಸ ಅಗ್ಗವಾಗುತ್ತಿದ್ದಂತೆ ಅದು ಹೆಂಗಸರಿಗೆ ಹುಟ್ಟಿನಿಂದಲೇ ಒಲಿದ ವಿದ್ಯೆಯೆನಿಸಿತು. ಗಣಕಯಂತ್ರದ ಕಥೆ ಇದರ ತಿರುವುಮುರುವು. 1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಯಂತ್ರವನ್ನು ಜಗತ್ತಿಗೆ ತೋರಿಸಿದಾಗ ಅದಕ್ಕೆ ಲೆಕ್ಕದ ಕ್ರಮವನ್ನು ಹೂಡಿಕೊಟ್ಟವರು ಆರು ಮಂದಿ ಮಹಿಳೆಯರು. ಯಂತ್ರ ಕಟ್ಟುವುದು ಪುರುಷರ ಪಾಲಿನ ಪ್ರತಿಭೆ, ಅದನ್ನು ನಡೆಸುವುದು ಹೆಚ್ಚುಕಡಿಮೆ ಗುಮಾಸ್ತಗಿರಿ ಎಂದು ಅಂದು ಎಣಿಸಿದ್ದರಿಂದ ಆ ರಾತ್ರಿಯ ಔತಣಕ್ಕೂ ಅವರನ್ನು ಕರೆಯಲಿಲ್ಲ. ಮುಂದೆ ಅದೇ ಕೆಲಸಕ್ಕೆ ಕೈತುಂಬ ಸಂಬಳ ಬರತೊಡಗಿತು; ತರ್ಕಬುದ್ಧಿ ಗಂಡಸರಿಗೆ ರಕ್ತಗತವೆಂದು ಆಗ ತಿಳಿದುಬಂತು.

ಪಟ್ಟಿಯ ನಿಜವಾದ ಪವಾಡವಿರುವುದು ಅದರ ಕೊನೆಯ ಅಂಕಣದಲ್ಲಿ. ಹಗಲಿಡೀ ಅಡುಗೆ ಮಾಡಿ, ಬಟ್ಟೆ ಒಗೆದು, ಮುದುಕರನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಹೆಂಗಸಿನ ಹೆಸರಿನ ಮುಂದೆ ‘ಉದ್ಯೋಗವಿಲ್ಲ’ ಎಂದಿರುತ್ತದೆ. ಇವುಗಳಲ್ಲಿ ಒಂದನ್ನು ಹೋಟೆಲಿನಲ್ಲಿ ಮಾಡುವವನು ಮುಖ್ಯ ಬಾಣಸಿಗ. ಕೂಲಿಯಿಲ್ಲದ ಇಂಥ ಆರೈಕೆಯ ದುಡಿಮೆಗೆ ಹೆಂಗಸರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ, ಗಂಡಸರು 1 ಗಂಟೆ 23 ನಿಮಿಷ ಕೊಡುತ್ತಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಲೆಕ್ಕ ಹಾಕಿತು. ಇದೂ ಕೆಲಸವೇ ಎಂದು ಜಗತ್ತಿನ ಕಾರ್ಮಿಕ ಅಂಕಿಅಂಶ ತಜ್ಞರು 2013ರಲ್ಲಿ ಒಪ್ಪಿದರು. ಉದ್ಯೋಗವೆಂದು ಒಪ್ಪುವಷ್ಟು ದೂರ ಮಾತ್ರ ಹೋಗಲಿಲ್ಲ.

ಮನೆಗೆಲಸದವಳನ್ನು ಯಜಮಾನ ಮದುವೆಯಾದರೆ, ಅವಳ ಅದೇ ದುಡಿಮೆಗೆ ಸಂಬಳ ನಿಂತು ಅದು ಲೆಕ್ಕದಿಂದ ಬಿಟ್ಟುಹೋಗುವುದರಿಂದ, ರಾಷ್ಟ್ರದ ವರಮಾನ ಇಳಿಯುತ್ತದೆಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಪಿಗೂ ನೂರು ವರ್ಷಗಳ ಹಿಂದೆಯೇ ತೋರಿಸಿದ್ದರು. ಹಾಗಿದ್ದರೆ ಪರಿಹಾರವೂ ಸುಲಭ: ಪ್ರತಿ ಗೃಹಿಣಿಯೂ ನೆರೆಮನೆಯ ಕೆಲಸವನ್ನು ಸಂಬಳಕ್ಕೆ ಮಾಡಲಿ, ನೆರೆಯವಳು ಇವಳ ಮನೆಯದನ್ನು ಮಾಡಲಿ. ಒಂದು ಪಾತ್ರೆಯೂ ಹೆಚ್ಚಾಗಿ ತೊಳೆಯದೆ ಪಟ್ಟಣದ ಹೆಂಗಸರೆಲ್ಲ ರಾತ್ರಿ ಬೆಳಗಾಗುವುದರೊಳಗೆ ಉದ್ಯೋಗಸ್ಥರಾಗುತ್ತಾರೆ. ಇಷ್ಟು ದೊಡ್ಡ ಯೋಜನೆಗೆ ಮೇಲ್ವಿಚಾರಕರು ಬೇಕಾಗುವುದು ಸಹಜ. ಆ ಹುದ್ದೆಗಳಿಗೆ ಅನುಭವಸ್ಥ ಗಂಡಸರಿಂದ ಅರ್ಜಿ ಕರೆಯಬಹುದು.