ಬಂಪರಿಗೆ ಕಟ್ಟಿದ ಕೂದಲು

ಹಳೇ ಅಂಬಾಸಿಡರ್ ಕೊಂಡಾಗ ಅದರ ಜೊತೆ ಒಂದು ಸ್ಟೆಪ್ನಿ ಬಂತು, ಒಂದು ಜ್ಯಾಕ್ ಬಂತು, ಮುಂದಿನ ಬಂಪರಿಗೆ ಕಟ್ಟಿದ್ದ ಕಪ್ಪು ಹಗ್ಗವೂ ಬಂತು. ಮೊದಲ ಎರಡನ್ನು ನಾನೇ ಕೇಳಿ ಪಡೆದಿದ್ದೆ. ಹಗ್ಗ ಸುಮ್ನೆ ಬಂದಿತ್ತು.

ಮೊದಲ ಭಾನುವಾರ ಕಾರು ತೊಳೆಯುವಾಗ ಬಗ್ಗಿ ನೋಡಿದೆ. ನಾರಲ್ಲ, ನೈಲಾನ್ ಅಲ್ಲ, ಕೂದಲು. ಮನುಷ್ಯರ ಕೂದಲನ್ನು ಹೊಸೆದು ಕಿರುಬೆರಳಿನ ದಪ್ಪಕ್ಕೆ ಹುರಿ ಮಾಡಿದ್ದರು. ಧೂಳು, ಗ್ರೀಸು ಮೆತ್ತಿತ್ತು. ಅಲ್ಲಲ್ಲಿ ಬಿಳಿ ಎಳೆಗಳು ಇಣುಕುತ್ತಿದ್ದವು. ಯಾರೋ ಅಜ್ಜನ ಪಾಲು ಇರಬೇಕು.

ಬಿಚ್ಚೋಣ ಅಂತ ಕೈ ಹಾಕಿದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಅದನ್ಯಾಕೋ ಮುಟ್ತೀಯ? ದೃಷ್ಟಿಗೆ ಕಟ್ಟಿರೋದು."

"ನೀನು ಇದನ್ನೆಲ್ಲ ನಂಬ್ತೀಯಾ?"

"ನಂಬೋದೇನು ಬಂತು? ಕಟ್ಟಿರೋದನ್ನ ಬಿಚ್ಚಬಾರ್ದು, ಅಷ್ಟೆ."

ಈ ಮಾತಿಗೆ ಇವತ್ತಿಗೂ ನನ್ನಲ್ಲಿ ಉತ್ತರ ಇಲ್ಲ. ನಾನಾಗಿ ಅಂಥ ಹಗ್ಗ ಕೊಂಡು ಕಟ್ಟುವವನಲ್ಲ. ಆದರೆ ಕಟ್ಟಿದ್ದನ್ನು ಬಿಚ್ಚಲು ಬೇರೆಯೇ ಧೈರ್ಯ ಬೇಕು. ಹಗ್ಗ ಅಲ್ಲೇ ಉಳಿಯಿತು.

ಆಮೇಲೆ ಎಷ್ಟೋ ವರ್ಷಕ್ಕೆ ಒಂದು ಫೋಟೋ ಕಣ್ಣಿಗೆ ಬಿತ್ತು. ಬಿಳಿ ಗೋಡೆಯ ದೊಡ್ಡ ಕೋಣೆ. ಹೊಳೆಯುವ ಸ್ಟೀಲ್ ಬಂಪರುಗಳು ಗೋಡೆಯ ಮೇಲೆ ನೇತಾಡುತ್ತಿವೆ. ಅವುಗಳನ್ನು ಹಿಡಿದಿರುವುದು ಕಪ್ಪು ಹಗ್ಗ. ಅದೇ ಹಗ್ಗ! ಗಂಟು ಗಂಟಾಗಿ, ರಾಶಿ ರಾಶಿಯಾಗಿ ಕೆಳಗಿಳಿದು ನೆಲದ ಮೇಲೆಲ್ಲ ಹರಡಿದೆ. ಕಲಾಕೃತಿಯ ಹೆಸರು 'ಬಿಹೋಲ್ಡ್'. ಕನ್ನಡದಲ್ಲಿ 'ನೋಡಿ' ಅನ್ನಬಹುದೇನೋ. ಮಾಡಿದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತವರು, ಬೆಂಗಳೂರಿನಲ್ಲೇ ಇರುವವರು. 2009ರಲ್ಲಿ ಇಟಲಿಯ ದೊಡ್ಡ ಕಲಾಪ್ರದರ್ಶನ ವೆನಿಸ್ ಬಿಯೆನಾಲೆಯಲ್ಲಿ ಇದನ್ನು ತೋರಿಸಿದರು. ಈಗ ಅದು ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

ಒಟ್ಟು 4,000 ಮೀಟರ್ ಹಗ್ಗವಂತೆ. ನಾಲ್ಕು ಕಿಲೋಮೀಟರು! ಆಟೋದವರು ಮೀಟರ್ ಹಾಕಿದರೂ ಮಿನಿಮಮ್ ದುಡ್ಡಿಗೆ ಮುಗಿಯದ ದೂರ.

ಅಷ್ಟೊಂದು ಕೂದಲು ಎಲ್ಲಿಂದ ಅಂದರೆ, ದೇವರಿಗೆ ಕೊಟ್ಟ ಮುಡಿ. ಉದ್ದ ಕೂದಲಿಗೆ ಬೆಲೆ ಜಾಸ್ತಿ, ಅದು ವಿಗ್ ಮಾಡುವವರಿಗೆ ಹೋಗುತ್ತದೆ. ಮಿಕ್ಕ ತುಂಡು ಕೂದಲಿನಲ್ಲಿ ಹಗ್ಗ ಹೊಸೆಯುತ್ತಾರೆ. ಐದನೇ ವಯಸ್ಸಿನಲ್ಲಿ ತಿರುಪತಿಯಲ್ಲಿ ನನ್ನ ತಲೆ ಬೋಳಿಸಿದ್ದರು. ಚೋಟುದ್ದ ಕೂದಲು, ವಿಗ್ಗಿಗಂತೂ ಹೋಗಿರಲಾರದು. ಯಾವ ಲಾರಿಯ ಮೂತಿಗೆ ಕಟ್ಟಿಸಿಕೊಂಡು ಎಷ್ಟು ಘಾಟಿ ಇಳಿದಿದೆಯೋ.

ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ರಸ್ತೆಯಲ್ಲಿ ಬಂಪರು ಗಟ್ಟಿ ಆಸಾಮಿ, ಕೂದಲು ಅದಕ್ಕೆ ಅಂಟಿಕೊಂಡ ಬಡಪಾಯಿ. ಇಲ್ಲಿ ಪೂರ್ತಿ ಉಲ್ಟಾ. ಕಬ್ಬಿಣದ ಭಾರ ಹೊತ್ತಿರುವುದೇ ಕೂದಲು. ಅಪಘಾತದ ಸುದ್ದಿಯಲ್ಲಿ ಪೇಪರಿನವರು 'ಕೂದಲೆಳೆ ಅಂತರದಲ್ಲಿ ಪಾರು' ಅಂತ ಬರೆಯುತ್ತಾರಲ್ಲ, ಆ ಮಾತನ್ನು ಯಾರೋ ಗೋಡೆಗೆ ನೇತುಹಾಕಿದ ಹಾಗಿತ್ತು.

ಹೀಗೆ ವಸ್ತುಗಳನ್ನೇ ಕೋಣೆಯಲ್ಲಿ ಜೋಡಿಸಿಡುವ ಇನ್‌ಸ್ಟಲೇಷನ್ ಕಲೆ ಅಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಖಾಲಿ ಕೋಣೆಯಲ್ಲಿ ಒಂದು ಇಟ್ಟಿಗೆ ಇಟ್ಟು, ಪಕ್ಕದಲ್ಲಿ ಎರಡು ಪುಟದ ವಿವರಣೆ ಅಂಟಿಸಿದ್ದನ್ನು ಕಂಡು ಬೆಪ್ಪಾಗಿ ಹೊರಗೆ ಬಂದವನು ನಾನು. ಆದರೆ ಈ ಹಗ್ಗಕ್ಕೆ ವಿವರಣೆ ಬೇಕಾಗಲಿಲ್ಲ. ನಮ್ಮಮ್ಮ ಬಾಗಿಲಲ್ಲಿ ನಿಂತು ಕೊಟ್ಟಾಗಿತ್ತು.

ಶೀಲಾ ಗೌಡರು ಬಣ್ಣದ ಚಿತ್ರಗಳಿಂದ ಶುರು ಮಾಡಿದವರು. ತೊಂಬತ್ತರ ದಶಕದಲ್ಲಿ ಸಗಣಿ ಹಿಡಿದರು. ಆಮೇಲೆ ಸೂಜಿ ದಾರ. ನೂರಾರು ಅಡಿ ದಾರವನ್ನು ಒಂದೊಂದಾಗಿ ಸೂಜಿಗೆ ಪೋಣಿಸಿ, ಆ ಎಳೆಗಳನ್ನೆಲ್ಲ ಒಟ್ಟು ಸೇರಿಸಿ, ಅಂಟು ಕುಂಕುಮ ಹಚ್ಚಿ ಕೆಂಪು ಹಗ್ಗ ಮಾಡಿದರು. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ಜೋತುಬಿದ್ದಿವೆ. ನಮ್ಮಜ್ಜಿ ಕನ್ನಡಕ ಮೂಗಿಗೆ ಇಳಿಸಿ, ದಾರದ ತುದಿ ಎಂಜಲು ಮಾಡಿ, ಸೂಜಿಯ ಕಣ್ಣಿಗೆ ಮೂರು ಸಲ ಗುರಿ ತಪ್ಪಿ, "ಬಾರೋ, ನಿನ್ನ ಕಣ್ಣು ಚುರುಕು" ಅಂತ ಕರೆಯುತ್ತಿದ್ದಳು. ಒಂದು ಸೂಜಿಗೇ ಅಷ್ಟು ಪಾಡು.

ಈಗ ಕಟ್ಟುತ್ತಿರುವ ಮನೆಗಳ ಮುಂದೆ ಹೋಗುವಾಗೆಲ್ಲ ತಲೆ ತಾನೇ ಮೇಲಕ್ಕೆ ಹೋಗುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಮೂರಂತಸ್ತು ಏಳುತ್ತಿದೆ. ಎರಡನೇ ಅಂತಸ್ತಿನ ಪಿಲ್ಲರಿಗೆ ಮೇಸ್ತ್ರಿ ದೃಷ್ಟಿ ಬೊಂಬೆ ಕಟ್ಟಿದ್ದಾನೆ. ಸಿಮೆಂಟ್ ಚೀಲಕ್ಕೆ ಹುಲ್ಲು ತುರುಕಿದ ಮೈ, ಮಡಕೆಯ ತಲೆ, ಸುಣ್ಣದ ಕಣ್ಣು, ಮಸಿಯ ಮೀಸೆ. ಮೈಮೇಲೆ ಒಳ್ಳೇ ಚೌಕಳಿ ಶರ್ಟು, ಜೇಬಿನಲ್ಲಿ ಪೆನ್ನು ಬೇರೆ! ಪೆನ್ನು ಯಾಕೆ ಅಂತ ಮೇಸ್ತ್ರಿಯನ್ನು ಕೇಳಿದೆ. "ಸುಮ್ನೆ ಸಾರ್, ಇರ್ಲಿ ಅಂತ" ಅಂದ. ಮೂರಂತಸ್ತಿಗೆ ಪ್ಲಾನ್ ಬರೆದ ಎಂಜಿನಿಯರಿಗೆ ಇಂಥದ್ದೊಂದು ಹೊಳೆದಿರಲಿಲ್ಲ. ಮನೆ ನೋಡಬೇಡಿ, ನನ್ನನ್ನು ನೋಡಿ ಅನ್ನುವುದೇ ಆ ಬೊಂಬೆಯ ಕೆಲಸ. ಬಂಪರಿನ ಹಗ್ಗದ ಕೆಲಸವೂ ಅದೇ. ಬಿದ್ದ ಕಣ್ಣನ್ನೆಲ್ಲ ತಾನು ತಗೊಳ್ಳಬೇಕು. ಮ್ಯೂಸಿಯಮ್ಮಿನಲ್ಲಿ ದಿನವಿಡೀ ಎಷ್ಟು ಕಣ್ಣು ಬೀಳುತ್ತವೋ! ಅಲ್ಲಿ ಸಂಜೆ ಅದಕ್ಕೆ ಯಾರು ನಿವಾಳಿಸುತ್ತಾರೆ?

ಕಳೆದ ವರ್ಷ ಅಂಬಾಸಿಡರ್ ಮಾರಿದೆ. ಕೊಳ್ಳಲು ಬಂದ ಹುಡುಗ ಜೋರು. ಟಯರ್ ಒದ್ದು ನೋಡಿದ, ಬಾನೆಟ್ ಎತ್ತಿಸಿದ, ಐದು ಸಾವಿರ ಇಳಿಸಿದ. ಹೊರಡುವಾಗ ಬಂಪರಿನ ಹತ್ತಿರ ಕೂತ.

"ಇದೇನ್ ಸಾರ್ ಇದು, ಕೂದ್ಲಾ?"

"ಹೌದಪ್ಪ. ನಾನು ತಗೊಂಡಾಗಲೇ ಇತ್ತು."

ಕಿತ್ತು ಬಿಸಾಡುವವನ ಹಾಗೆ ಕೈ ಚಾಚಿದ. ಗಂಟಿನ ತನಕ ಹೋದ ಕೈ ಅಲ್ಲೇ ನಿಂತಿತು. ಆಮೇಲೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ.

"ಸ್ಟೆಪ್ನಿ ಕೊಡ್ತೀರಾ ಅಲ್ವಾ ಸಾರ್?" ಅಂದ.