ಮೇಲಿನ ಮೂಲೆ ರೂಮಿನ ದೆವ್ವ ಮಳೆಗಾಲದಲ್ಲೇ ಯಾಕೆ ಬರುತ್ತಿತ್ತು?

ಕಾರವಾರದ ಹಳೆಯ ಲಾಡ್ಜ್ ಒಂದರ ದೆವ್ವದ ವಿಡಿಯೋವನ್ನು ಈ ವಾರ ತುಂಬಾ ಜನ ನನಗೆ ಕಳಿಸಿದ್ದೀರಿ. "ಇದು ನೀನು ವೈರಿಂಗ್ ಮಾಡಿದ ಜಾಗ ಅಲ್ವಾ ಮಾರಾಯಾ?" ಅಂತ ಕೇಳಿದ್ದೀರಿ. ಹೌದು, ಅದೇ. ವಿಡಿಯೋದಲ್ಲಿ ಒಂದು ಕಡೆ ಟಾರ್ಚ್ ಹಿಡಿದು ನಿಂತ ದಪ್ಪ ಮನುಷ್ಯನ ನೆರಳು ಕಾಣುತ್ತದೆ. ಕೆಲವರು ಅದಕ್ಕೂ ಹೆದರಿದ್ದಾರಂತೆ. ಅದು ನಾನು.

ಲಾಡ್ಜಿನ ಹೆಸರು ಬರೆಯುವುದಿಲ್ಲ. 22 ವರ್ಷದಿಂದ ಅಲ್ಲಿ ಕೆಲಸ ಮಾಡಿದ್ದೇನೆ, ಅನ್ನ ತಿಂದಿದ್ದೇನೆ. ಆದರೆ ಆ ವಿಡಿಯೋದಲ್ಲಿ ಹೇಳಿದ ಒಂದು ಮಾತಿಗೆ ಸುಮ್ಮನೆ ಇರಲು ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸಣ್ಣ ವಿಷಯ. ಕಟ್ಟಡ 1865ರದ್ದು ಅಂತ ವಿಡಿಯೋ ಮಾಡಿದ ಹುಡುಗರು ಹೇಳಿದ್ದಾರೆ. ಸಾಕ್ಷಿಗೆ ಹೆಂಚಿನ ಮೇಲಿರುವ ಇಸವಿ ತೋರಿಸಿದ್ದಾರೆ. ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು! ಎಷ್ಟೋ ವರ್ಷ ಆದಮೇಲೆ ಮಾಡಿದ ಹೆಂಚಿನ ಮೇಲೂ ಅದೇ ಇಸವಿ ಒತ್ತುತ್ತಿದ್ದರು. ನಮ್ಮ ಅಜ್ಜನ ಕೊಟ್ಟಿಗೆ ಮೇಲೂ 1865 ಅಂತಲೇ ಇತ್ತು. ಟಾಗೋರರು ಇಲ್ಲೇ ಉಳಿದಿದ್ದರು ಅಂತಲೂ ಸೇರಿಸಿದ್ದಾರೆ. ಟಾಗೋರರು ಕಾರವಾರಕ್ಕೆ ಬಂದದ್ದು ನಿಜ, ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಹಾಗಂತ ಊರಿನ ಹಳೆಯ ಕಟ್ಟಡಗಳಲ್ಲೆಲ್ಲಾ ಅವರನ್ನು ಮಲಗಿಸಿದರೆ ಹೇಗೆ?

ದೆವ್ವದ ಕಥೆಯೂ ಹಾಗೇ. ನಾನು ಆ ಲಾಡ್ಜಿಗೆ ಮೊದಲು ಹೋದಾಗ ಹೇಳುತ್ತಿದ್ದದ್ದು ಸಮುದ್ರದಲ್ಲಿ ಮುಳುಗಿ ಸತ್ತ ಮೀನುಗಾರರ ಹೆಂಗಸಿನ ಕಥೆ. ಒದ್ದೆ ಸೀರೆಯಲ್ಲಿ ಬರುತ್ತಾಳೆ, ನೆಲದ ಮೇಲೆ ನೀರಿನ ಹೆಜ್ಜೆ ಬೀಳುತ್ತದೆ ಅಂತ. ಈಗ ವಿಡಿಯೋದಲ್ಲಿ ಅವಳು ಬಿಳಿ ಗೌನಿನ ದೊರೆಸಾನಿ ಆಗಿದ್ದಾಳೆ. ರೂಮಿನ ಬಾಡಿಗೆ ಏರಿದ ಹಾಗೆ ದೆವ್ವಕ್ಕೂ ಬಡ್ತಿ ಸಿಕ್ಕಿದೆ.

ವಿಡಿಯೋ ಮಾಡಿದ ರಾತ್ರಿ ಓನರ್ ನನ್ನನ್ನು ಕರೆಸಿದ್ದು ಲೈಟ್ ಆರಿಸಿ ಹಾಕುವ ಕೆಲಸಕ್ಕೆ. ನಾಲ್ಕು ಜನ ಹುಡುಗರು ಬಂದಿದ್ದರು, ಒಳ್ಳೆಯ ಹುಡುಗರೇ. ಕ್ಯಾಮೆರಾ, ರೆಕಾರ್ಡರ್, ಜೊತೆಗೆ ಕೈಯಲ್ಲಿ ಹಿಡಿಯುವ ಒಂದು ಮೀಟರ್. ದೆವ್ವ ಹತ್ತಿರ ಬಂದರೆ ಅದರ ದೀಪ ಹತ್ತುತ್ತದಂತೆ. ನಾನು ಕೈಗೆ ತೆಗೆದುಕೊಂಡು ನೋಡಿದೆ. ಅದು ಕಾಂತಕ್ಷೇತ್ರ ಅಳೆಯುವ ಮೀಟರ್. ಕರೆಂಟ್ ಹರಿಯುವ ತಂತಿ ಇದ್ದಲ್ಲಿ ಹತ್ತುತ್ತದೆ. ಜೇಬಿನ ಮೊಬೈಲಿಗೂ ಹತ್ತುತ್ತದೆ.

ಮೆಟ್ಟಿಲ ಹತ್ತಿರ ಮೀಟರ್ ಜೋರಾಗಿ ಮಿನುಗಿತು. ಒಬ್ಬ ಹುಡುಗ ಇಂಗ್ಲಿಷಿನಲ್ಲಿ "ನೀನು ಇಲ್ಲೇ ಸತ್ತೆಯಾ?" ಅಂತ ಕೇಳಿದ. ದೀಪ ಆರಿತು. ಎಲ್ಲರ ಮುಖ ಬೆಳ್ಳಗಾಯಿತು. ನನಗೆ ನಗು ತಡೆಯಲು ಆಗಲಿಲ್ಲ. ಎಷ್ಟೋ ಹಳೆಯ ಕಟ್ಟಡಗಳಲ್ಲಿ ಕರೆಂಟ್ ತರುವ ಫೇಸ್ ತಂತಿ ಒಂದು ಗೋಡೆಯಲ್ಲಿ ಹೋದರೆ ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ತಂತಿ ಇನ್ನೊಂದು ಗೋಡೆಯಲ್ಲಿ ಬರುತ್ತದೆ. ಎರಡೂ ತಂತಿ ಜೋಡಿಯಾಗಿ ಹೋದರೆ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಹೆಚ್ಚುಕಮ್ಮಿ ಅಳಿಸಿಬಿಡುತ್ತದೆ. ಬೇರೆ ಬೇರೆ ಹೋದರೆ ನಡುವಿನ ಜಾಗದಲ್ಲೆಲ್ಲಾ ಅದು ಹರಡಿರುತ್ತದೆ. ಅಲ್ಲಿ ನಡುವೆ ಇದ್ದದ್ದು ಈ ಮೆಟ್ಟಿಲು. ಲೈಟೆಲ್ಲಾ ಆರಿಸಿದ್ದೆವು, ಆದರೆ ಮೇನ್ ಆಫ್ ಮಾಡಲು ಓನರ್ ಬಿಡಲಿಲ್ಲ. ಫ್ರೀಜರಿನಲ್ಲಿ ಇಸ್ವಾಣ ಮೀನು ಇತ್ತು. ಆ ಫ್ರೀಜರಿನ ಕಂಪ್ರೆಸರ್ ಹತ್ತಿದಾಗ ದೊರೆಸಾನಿ ಬರುತ್ತಿದ್ದಳು, ನಿಂತಾಗ ಹೋಗುತ್ತಿದ್ದಳು.

ಐದು ನಿಮಿಷ ಫ್ರೀಜರಿನ ಪ್ಲಗ್ ತೆಗೆದು ತೋರಿಸಿದೆ. ಮೀಟರ್ ಸತ್ತ ಹಾಗೆ ಬಿದ್ದುಕೊಂಡಿತು. ಮತ್ತೆ ಹಾಕಿದೆ, ಹತ್ತಿತು. ಹುಡುಗರು "ಸೂಪರ್ ಅಣ್ಣಾ, ಇದನ್ನೂ ಹಾಕ್ತೇವೆ" ಅಂದರು. ವಿಡಿಯೋದಲ್ಲಿ ಆ ಭಾಗವೇ ಇಲ್ಲ.

ಇರಲಿ, ಅದಕ್ಕೆ ನನಗೆ ಸಿಟ್ಟಿಲ್ಲ. ಅಟ್ಟದ ಮೇಲಿನ ದಡದಡ ಸದ್ದನ್ನು ಅವರು ಓಡುವ ಮಗು ಅಂದದ್ದಕ್ಕೂ ಇಲ್ಲ. ಅದು ಕಬ್ಬೆಕ್ಕು. ಹೆಂಚಿನ ಕೆಳಗೆ ಸಂಸಾರ ಹೂಡಿದೆ, ಅಟ್ಟದ ತುಂಬಾ ಬೈನೆ ಹಣ್ಣಿನ ಬೀಜ ಬಿದ್ದಿದೆ. ವೈರ್ ಎಳೆಯಲು ಮೇಲೆ ಹತ್ತಿದವನಿಗೆ ಅದರ ನಾತ ಗೊತ್ತು.

ಸಿಟ್ಟು ಬಂದದ್ದು ಮೂಲೆ ರೂಮಿನ ಕಥೆಗೆ. "ಎರಡು ವರ್ಷದ ಹಿಂದೆ ಇಲ್ಲಿ ಉಳಿದ ಗಂಡ ಹೆಂಡತಿ ಮೇಲೆ ಆತ್ಮ ದಾಳಿ ಮಾಡಿತು" ಅಂತ ವಿಡಿಯೋದಲ್ಲಿ ಹೇಳಿದ್ದಾರೆ. ಅದನ್ನು ಅವರಿಗೆ ಹೇಳಿದವನು ಓನರ್. ಅವನಿಗೆ ನಿಜ ಏನಂತ ಗೊತ್ತಿತ್ತು.

ಆ ರೂಮಿನ ಬಗ್ಗೆ ದೂರು ಬಹಳ ದಿನದಿಂದ ಇತ್ತು. ಎದೆ ಮೇಲೆ ಯಾರೋ ಕುಳಿತ ಹಾಗೆ ಆಗುತ್ತದೆ. ತಲೆ ಭಾರ. ಯಾರೋ ಹಿಂದೆ ನಿಂತ ಹಾಗೆ ಅನಿಸುತ್ತದೆ. ರಾತ್ರೋರಾತ್ರಿ ರೂಮ್ ಬದಲಾಯಿಸಿ ಹೋದವರಿದ್ದಾರೆ. ಎರಡು ವರ್ಷದ ಹಿಂದಿನ ಜುಲೈಯಲ್ಲಿ ಹುಬ್ಬಳ್ಳಿ ಕಡೆಯ ಹೊಸ ಜೋಡಿ ಬಂದಿತ್ತು. ಹೆಂಡತಿ ಸ್ನಾನಕ್ಕೆ ಹೋದವಳು ಬಾತ್‌ರೂಮಿನಲ್ಲೇ ಬಿದ್ದಳು. ಗಂಡ ಬಾಗಿಲು ಒಡೆದು ಎತ್ತಿಕೊಂಡು ಬಂದ. ಅವನಿಗೂ ತಲೆ ಸುತ್ತುತ್ತಿತ್ತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು, ಬದುಕಿದಳು. ಎಚ್ಚರವಾದಾಗ "ಹಿಂದೆ ಯಾರೋ ನಿಂತಿದ್ದರು" ಅಂದಳಂತೆ. ಸಾಕಲ್ಲ, ಊರೆಲ್ಲಾ ಸುದ್ದಿ.

ಮರುದಿನ ನಾನು ಬೇರೆ ಕೆಲಸಕ್ಕೆ ಹೋಗಿದ್ದೆ. ರೂಮ್‌ಬಾಯ್, ಅಂಕೋಲೆ ಕಡೆಯ ಹುಡುಗ, ಮೆಲ್ಲಗೆ ಹತ್ತಿರ ಬಂದ. "ಅಣ್ಣಾ, ಡಾಕ್ಟರು ಒಂದೇ ಪ್ರಶ್ನೆ ಕೇಳಿದ್ರು. ಗೀಸರ್ ಕರೆಂಟಿಂದಾ, ಗ್ಯಾಸಿಂದಾ ಅಂತ. ಯಾಕಾಗಿರಬಹುದು?"

ನನಗೆ ಕೈಕಾಲು ತಣ್ಣಗಾಯಿತು.

ಯಾಕೆಂದರೆ ಆ ಗ್ಯಾಸ್ ಗೀಸರ್ ಬರಲು ನಾನೇ ಕಾರಣ. ಅದಕ್ಕೂ ಏಳೆಂಟು ವರ್ಷ ಮೊದಲು ಓನರ್ ಮೇಲಿನ ಐದು ರೂಮಿಗೂ ಕರೆಂಟ್ ಗೀಸರ್ ಹಾಕು ಅಂದಿದ್ದ. ಒಂದೊಂದು 2 ಕಿಲೋವ್ಯಾಟ್, ಅಂದರೆ 9 ಆಂಪಿಯರ್ ಹತ್ತಿರ. ಐದೂ ಒಟ್ಟಿಗೆ ಹತ್ತಿದರೆ ಈ ವೈರಿಂಗ್ ಸುಟ್ಟುಹೋಗುತ್ತದೆ, ಪೂರ್ತಿ ಬದಲಾಯಿಸಬೇಕು ಅಂದೆ. ಖರ್ಚು ಕೇಳಿದ. ಹೇಳಿದೆ. ಮುಂದಿನ ತಿಂಗಳು ಹೋಗಿ ನೋಡಿದರೆ ಗ್ಯಾಸ್ ಗೀಸರ್ ಬಂದು ಕೂತಿದ್ದವು. ನನ್ನ ಕೆಲಸ ಅಲ್ಲ ಅಂತ ಸುಮ್ಮನಾದೆ. ಉಳಿದ ನಾಲ್ಕು ಬಾತ್‌ರೂಮಿಗೆ ಎತ್ತರದಲ್ಲಿ ಜಾಲಿ ಕಿಟಕಿ ಇದೆ. ಮೂಲೆ ರೂಮಿನದ್ದಕ್ಕೆ ಇರುವುದು ಒಂದು ಸಣ್ಣ ಕಿಂಡಿ. ಮಳೆ ನೀರು ಹೊಡೆಯುತ್ತದೆ ಅಂತ ಅದಕ್ಕೂ ಪ್ಲಾಸ್ಟಿಕ್ ಬಡಿದಿದ್ದರು.

ಸಿಲಿಂಡರ್ ಗ್ಯಾಸ್ ಸೋರಿದರೆ ಗೊತ್ತಾಗುತ್ತದೆ. ಗೊತ್ತಾಗಲಿ ಅಂತಲೇ ಅದಕ್ಕೆ ವಾಸನೆ ಸೇರಿಸಿರುತ್ತಾರೆ. ಆದರೆ ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಎದೆ ಭಾರ, ಗೊಂದಲ, ಕಣ್ಣು ಕತ್ತಲೆ. ಇಲ್ಲದ್ದು ಕಾಣುವುದೂ ಉಂಟು. 1921ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರ್ ವಿಲಿಯಂ ವಿಲ್ಮರ್ ಇಂಥದ್ದೇ ಒಂದು ಕುಟುಂಬದ ಬಗ್ಗೆ ಬರೆದಿದ್ದಾರೆ. ಹಳೆಯ ದೊಡ್ಡ ಮನೆಗೆ ಹೋದಮೇಲೆ ಅವರಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಯಾರೋ ಹಿಂಬಾಲಿಸಿದ ಹಾಗೆ ಆಗುತ್ತಿತ್ತು. ಕುಂಡದ ಗಿಡಗಳೂ ಒಣಗಿದವು. ಕೊನೆಗೆ ನೋಡಿದರೆ ಮನೆ ಬಿಸಿ ಮಾಡುವ ಕುಲುಮೆ ಕೆಟ್ಟು, ಹೊಗೆಯ ವಿಷ ಮನೆಯೊಳಗೇ ತುಂಬುತ್ತಿತ್ತು.

ಆವತ್ತು ಸಂಜೆ ರೂಮ್‌ಬಾಯ್ ಜೊತೆ ಕೂತು ಲಾಡ್ಜಿನ ಹಳೆಯ ರಿಜಿಸ್ಟರ್ ತಿರುಗಿಸಿದೆ. ಮೂಲೆ ರೂಮಿನಿಂದ ಬೇರೆ ರೂಮಿಗೆ ಹೋದವರದ್ದೆಲ್ಲಾ ಅದರಲ್ಲಿ ಇದೆ. ಹೆಚ್ಚುಕಮ್ಮಿ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗ್ಯಾಸ್ ಗೀಸರ್ ಬಂದ ವರ್ಷಕ್ಕೆ ಮೊದಲು ಒಂದೂ ಇಲ್ಲ. ಆಷಾಢದ ಅಮಾವಾಸ್ಯೆಗೆ ದೆವ್ವದ ಶಕ್ತಿ ಜಾಸ್ತಿ ಅಂತ ಅಡುಗೆಯವರು ಹೇಳುತ್ತಿದ್ದರು. ನಮ್ಮೂರ ಮಳೆ ನಿಮಗೆ ಗೊತ್ತಲ್ಲ. ಮಳೆಗಾಲದಲ್ಲಿ ಎಲ್ಲರಿಗೂ ಬಿಸಿ ನೀರು ಬೇಕು, ಎಲ್ಲರೂ ಕಿಟಕಿ ಮುಚ್ಚುತ್ತಾರೆ.

ಇದನ್ನು ಕಂಡುಹಿಡಿಯಲು ಮಧ್ಯರಾತ್ರಿ ಬೇಕಿರಲಿಲ್ಲ. ನನ್ನ ತಕರಾರು ಇದೊಂದೇ. ದೆವ್ವ ಹುಡುಕಲು ಬಂದವರು ಕಟ್ಟಡ ನೋಡಲಿಲ್ಲ. ರಿಜಿಸ್ಟರ್ ಕೇಳಲಿಲ್ಲ. ಎಲ್ಲಾ ರೂಮನ್ನೂ ದಿನಾ ಗುಡಿಸುವ ಹುಡುಗನನ್ನು "ಸ್ವಲ್ಪ ಆಚೆ ನಿಲ್ಲು, ಫ್ರೇಮಿನಲ್ಲಿ ಬರ್ತೀಯ" ಅಂದರು. ಅಮೆರಿಕದ ಸ್ಟಾನ್ಲಿ ಹೋಟೆಲ್ ದೆವ್ವಕ್ಕೇ ಹೆಸರಾದದ್ದು. 1909ರಲ್ಲಿ ಶುರುವಾಯಿತು, 1911ರಲ್ಲಿ ದೀಪದ ಗ್ಯಾಸ್ ಸೋರಿ ಸ್ಫೋಟವಾಯಿತು, ಕೆಲಸದ ಹೆಂಗಸೊಬ್ಬಳು ಗಾಯಗೊಂಡು ಬದುಕಿದಳು. ಈಗ ಜನ ಅಲ್ಲಿ ದುಡ್ಡು ಕೊಟ್ಟು ಅವಳ ದೆವ್ವ ನೋಡಲು ಹೋಗುತ್ತಾರೆ. ಅಲ್ಲೂ ಗ್ಯಾಸೇ ನೋಡಿ.

ನಾನೇನು ದೊಡ್ಡ ವಿಚಾರವಾದಿ ಅಲ್ಲ. ನಮ್ಮ ಕಡೆಯ ದೈವ ಜಟಗನಿಗೆ ಕಾಯಿ ಒಡೆಸದೆ ಹೊಸ ಕೆಲಸ ಹಿಡಿಯಲು ಅಮ್ಮ ಬಿಡುವುದಿಲ್ಲ, ನಾನೂ ಬೇಡ ಅನ್ನುವುದಿಲ್ಲ. ಆದರೆ ಜಟಗ ಯಾವತ್ತೂ ಯಾರ ಬಾತ್‌ರೂಮಿಗೂ ಬಂದದ್ದಿಲ್ಲ.

ಆ ಘಟನೆ ಆದಮೇಲೆ ನಾನು ಜಗಳ ಮಾಡಿ ಐದೂ ಗೀಸರನ್ನು ಹೊರಗಿನ ವರಾಂಡಕ್ಕೆ ಹಾಕಿಸಿದೆ. ಬಿಸಿ ನೀರು ಪೈಪಿನಲ್ಲಿ ಒಳಗೆ ಹೋಗುತ್ತದೆ. ಕಿಂಡಿಯ ಪ್ಲಾಸ್ಟಿಕ್ ಕಿತ್ತು ಎಕ್ಸಾಸ್ಟ್ ಫ್ಯಾನ್ ಇಟ್ಟೆ. ಅದಾದಮೇಲೆ ಒಂದು ಮಳೆಗಾಲ ಪೂರ್ತಿ ಕಳೆದಿದೆ. ಯಾರೂ ರೂಮ್ ಬದಲಾಯಿಸಿಲ್ಲ. ಕೆಲಸ ಮುಗಿದ ದಿನ ಓನರ್ ನನ್ನ ಹೆಗಲ ಮೇಲೆ ಕೈ ಹಾಕಿ, "ಗೀಸರಿನ ವಿಷಯ ಹೊರಗೆ ಬೇಡ ಮಾರಾಯಾ. ದೆವ್ವ ಅಂದ್ರೆ ನಾಲ್ಕು ಜನ ನೋಡೋಕೆ ಬರ್ತಾರೆ. ಗ್ಯಾಸ್ ಅಂದ್ರೆ ಯಾರ್ ಬರ್ತಾರೆ?" ಅಂದ. ನಾನು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಇದನ್ನು ಓದುತ್ತಿರುವ ಹೋಮ್‌ಸ್ಟೇಯವರು, ಶಿರಸಿ, ಗೋಕರ್ಣ, ಎಲ್ಲಿಯವರೇ ಇರಲಿ, ನಿಮ್ಮ ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಇದ್ದರೆ ನನಗೆ ಫೋನ್ ಮಾಡಿ. ಜಾಗ ನೋಡಿ ಹೇಳಲು ದುಡ್ಡು ಬೇಡ, ಬೈಕಿನ ಪೆಟ್ರೋಲ್ ಕೊಟ್ಟರೆ ಸಾಕು.

ಮೂಲೆ ರೂಮು ಈ ತಿಂಗಳು ಪೂರ್ತಿ ಬುಕ್ ಆಗಿದೆಯಂತೆ. ಎಲ್ಲರೂ ವಿಡಿಯೋ ನೋಡಿದವರು. ದೊರೆಸಾನಿ ಬರಲಿಲ್ಲ ಅಂತ ನಿನ್ನೆ ಒಬ್ಬರು ಕೌಂಟರಿನಲ್ಲಿ ಜಗಳ ಮಾಡಿ, ಅರ್ಧ ಬಾಡಿಗೆ ವಾಪಸ್ ಕೊಡಿ ಅಂದರಂತೆ. ರೂಮ್‌ಬಾಯ್ ಫೋನ್ ಮಾಡಿ ಹೇಳಿದ.