ಆ ನಗು ಫ್ರಿಜ್ ಮಾರಲು ನಕ್ಕದ್ದು

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಚಿಕ್ಕಪ್ಪನ ಮಗಳು ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ರೀಲ್ ಹಾಕಿದ್ದಾಳೆ. 1950ರ ದಶಕದ ಅಮೆರಿಕ. ಏಪ್ರನ್ ಕಟ್ಟಿಕೊಂಡ ಹೆಂಗಸು ಫ್ರಿಜ್ ಬಾಗಿಲು ತೆಗೆದು ನಗುತ್ತಿದ್ದಾಳೆ. ಕೆಳಗೆ, ‘ಆಗ ಹೆಂಗಸರು ಎಷ್ಟು ನೆಮ್ಮದಿಯಾಗಿದ್ದರು!’

ಅದು ಫ್ರಿಜ್ ಮಾರಲು ತೆಗೆಸಿದ ಚಿತ್ರ ಕಣ್ರೀ. ನಗಲೇಬೇಕಿತ್ತು.

ನ್ಯೂಯಾರ್ಕ್ ಹತ್ತಿರದ ಬಡಾವಣೆ ಲೆವಿಟ್‌ಟೌನ್ ನೋಡಿ. 1947ರಿಂದ 1951ರೊಳಗೆ 17,000ಕ್ಕೂ ಜಾಸ್ತಿ ಮನೆ ಎದ್ದವು. ಎಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಕಪ್ಪು ಜನರಿಗೆ ಜಾಗವಿಲ್ಲ ಅಂತ ಕರಾರಿನಲ್ಲೇ ಬರೆದಿತ್ತು. ಶನಿವಾರ, ಭಾನುವಾರ ಹೊರಗೆ ಬಟ್ಟೆ ಒಣಹಾಕಬಾರದು ಅಂತಲೂ ನಿಯಮ! ಗಂಡಂದಿರು ಕೆಲಸಕ್ಕೆ ಹೊರಟ ಮೇಲೆ ಉಳಿಯುವವರು ಹೆಂಡತಿ, ಮಕ್ಕಳು. ಅಮ್ಮ, ಅತ್ತಿಗೆ ಎಲ್ಲ ದೂರದ ಊರಲ್ಲಿ.

1957ರಲ್ಲಿ ಅಮೆರಿಕದ ಲೇಖಕಿ ಬೆಟ್ಟಿ ಫ್ರೀಡನ್ ತಮ್ಮ ಜೊತೆ ಸ್ಮಿತ್ ಕಾಲೇಜಿನಲ್ಲಿ ಓದಿದವರಿಗೆ ಪ್ರಶ್ನೆಪಟ್ಟಿ ಕಳಿಸಿದರು. ಮನೆ, ಮಕ್ಕಳು ಎಲ್ಲ ಇದ್ದೂ ಒಳಗೊಳಗೇ ಸಂಕಟಪಡುತ್ತಿದ್ದವರು ಎಷ್ಟೋ ಜನ. ಡಾಕ್ಟರಿಗೆ ಹೇಳಿಕೊಂಡರೆ ಮನಸ್ಸು ತಣ್ಣಗಾಗಿಸುವ ಮಿಲ್‌ಟೌನ್ ಗುಳಿಗೆ. ಅದು ಅಂಗಡಿಗೆ ಬಂದದ್ದೇ 1955ರಲ್ಲಿ. ಬಿಟ್ಟು ಹೋಗೋಣ ಅಂದರೆ ಎಲ್ಲಿಗೆ? ಸಾಲ ಕೇಳಿದರೆ ಗಂಡನ ಸಹಿ ತಾ ಅನ್ನುವ ಬ್ಯಾಂಕುಗಳನ್ನು ಕಾನೂನು ತಡೆದದ್ದು 1974ರಲ್ಲಿ!

‘ಇಕ್ಕಟ್ಟಿನ ಬಾಡಿಗೆ ಮನೆಯಲ್ಲಿದ್ದವರಿಗೆ ಸ್ವಂತ ಮನೆ, ವಾಷಿಂಗ್ ಮೆಷಿನ್ ಸಿಕ್ಕಿತಲ್ಲಮ್ಮ’ ಅಂತ ಅಣ್ಣ ಬರೆದ. ಸಿಕ್ಕಿತು, ಒಪ್ಪಿದೆ. ಆದರೆ ಮೆಷಿನ್ ಜೊತೆ ಮಾತಾಡೋಕಾಗುತ್ತಾ?

ಇಷ್ಟು ಕೋಪ ಯಾಕೆ ಅಂತ ಹೇಳುತ್ತೇನೆ. ಡಲ್ಲಾಸ್ ಹತ್ತಿರ ನಾನಿದ್ದದ್ದೂ ಅಂಥದ್ದೇ ಬಡಾವಣೆ. 2011. ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾ, ಆಗ ಅದರಲ್ಲಿ ಕೆಲಸ ಮಾಡುವಂತಿರಲಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಮಗುವಿಗೆ ನಾಲ್ಕು ತಿಂಗಳು. ಇವರು ಕೆಟ್ಟವರಲ್ಲ. ಆದರೂ ಬೆಳಿಗ್ಗೆ ಏಳೂವರೆಗೆ ಗ್ಯಾರೇಜ್ ಬಾಗಿಲು ಗರಗರ ಅಂತ ಕೆಳಗಿಳಿದು ನೆಲಕ್ಕೆ ತಾಗುತ್ತಿತ್ತಲ್ಲ, ಆಗ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಗುತ್ತಿತ್ತು. ಸಂಜೆ ಆರರವರೆಗೆ ನಾನು, ಮಗು, ಎದುರುಮನೆಯ ಹುಲ್ಲು. ಫೋನಿನಲ್ಲಿ ಅತ್ತರೆ ಅಮ್ಮ, ‘ಪಾತ್ರೆ ತೊಳೆಯೋಕೂ ಮೆಷಿನ್ ಇದೆ, ಇನ್ನೇನೇ ಕಷ್ಟ ನಿಂಗೆ?’ ಅಂದಳು. ಆಮೇಲೆ ನಾನು ಅಳುವುದನ್ನೇ ನಿಲ್ಲಿಸಿದೆ. ಫೋಟೋಗಳಲ್ಲಿ ನಕ್ಕೆ. ಆ ಫೋಟೋಗಳು ಇಲ್ಲೇ, ನನ್ನ ಹಳೆಯ ಪೋಸ್ಟುಗಳಲ್ಲಿವೆ. ನೀವೆಲ್ಲ ಲೈಕ್ ಮಾಡಿದ್ದೀರಿ.

ರೀಲ್ ಹಾಕಿದವಳಿಗೆ ಮುಂದಿನ ತಿಂಗಳು ಮದುವೆ. ಆಮೇಲೆ ಅಮೆರಿಕ. ಮಧ್ಯಾಹ್ನ ಫೋನ್ ಮಾಡಿದೆ. ಬೈಯಲಿಲ್ಲ. ‘ಡ್ರೈವಿಂಗ್ ಕಲಿತೆಯೇನೇ? ಬ್ಯಾಂಕ್ ಖಾತೆಯಲ್ಲಿ ನಿನ್ನ ಹೆಸರೂ ಇರುತ್ತಾ?’ ಅಂತ ಕೇಳಿದೆ. ‘ಅದೆಲ್ಲ ಅವರು ನೋಡ್ಕೋತಾರೆ ಅಕ್ಕಾ’ ಅಂದಳು. ನಾಳೆಯೇ ಡ್ರೈವಿಂಗ್ ಸ್ಕೂಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ.